ಮಾಗಡಿ ರಸ್ತೆಯ ಮಹಡಿ ಮನೆಯಿಂದ ಆರು ಡಿಸ್ಕಸ್

ಇದು ಅಂಗಡಿ ಅಲ್ಲ, ಬೋರ್ಡೂ ಇಲ್ಲ. ಬೆಂಗಳೂರಿನ ಮಾಗಡಿ ರಸ್ತೆ ಕಡೆ ಒಂದು ಮನೆ, ಮೇಲಿನ ಎರಡು ರೂಮುಗಳ ತುಂಬಾ ಮೀನಿನ ಟ್ಯಾಂಕುಗಳು. ಸಾಕುವವರು ಫ್ಯಾಕ್ಟರಿ ಕೆಲಸದಿಂದ ರಿಟೈರ್ ಆದ ಒಬ್ಬ ಅಂಕಲ್. "ಹೆಸರು ಹಾಕಬೇಡಮ್ಮ, ಸುಮ್ನೆ ನೋಡ್ಕೊಂಡು ಹೋಗೋಕೆ ಜನ ಬರ್ತಾರೆ" ಅಂದಿದ್ದಾರೆ, ಅದಕ್ಕೇ ಹಾಕಿಲ್ಲ. ಎಂಟು ತಿಂಗಳ ಹಿಂದೆ ಅವರ ಹತ್ತಿರ ಆರು ಡಿಸ್ಕಸ್ ಮರಿ ತಂದೆ. ಡಿಸ್ಕಸ್ ಅಂದರೆ ತಟ್ಟೆಯ ಹಾಗೆ ದುಂಡಗೆ, ಚಪ್ಪಟೆಯಾಗಿರುವ ಅಕ್ವೇರಿಯಂ ಮೀನು. ಒಂದಕ್ಕೆ 700 ರೂಪಾಯಿ. ಈಗ ಐದಿವೆ. ಆರನೆಯದರ ಕಥೆ ಆಮೇಲೆ ಹೇಳುತ್ತೇನೆ.

ಅದಕ್ಕೆ ಮುಂಚೆ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ನಾಲ್ಕು ತಂದಿದ್ದೆ. ಮೂರು ವಾರದಲ್ಲಿ ನಾಲ್ಕೂ ಹೋದವು. ನನ್ನ ನೀರೇ ಸರಿಯಿಲ್ಲ ಅಂದುಕೊಂಡು ಒಂದು ವರ್ಷ ಟ್ಯಾಂಕ್ ಖಾಲಿ ಇಟ್ಟಿದ್ದೆ. ಅಂಕಲ್‌ಗೆ ಅವುಗಳ ಫೋಟೋ ತೋರಿಸಿದರೆ ಅವರು ನೀರಿನ ಮಾತೇ ಎತ್ತಲಿಲ್ಲ. "ಕಣ್ಣು ನೋಡಮ್ಮ. ಇಷ್ಟು ಚಿಕ್ಕ ಮೈಗೆ ಅಷ್ಟು ದೊಡ್ಡ ಕಣ್ಣಾ?" ಅಂದರು. ಮರಿಯಾಗಿದ್ದಾಗ ಒಳ್ಳೆ ಊಟ, ಒಳ್ಳೆ ನೀರು ಸಿಗದಿದ್ದರೆ ಡಿಸ್ಕಸ್‌ನ ಮೈ ಬೆಳೆಯುವುದಿಲ್ಲವಂತೆ, ಕಣ್ಣು ಮಾತ್ರ ಬೆಳೆಯುತ್ತಾ ಹೋಗುತ್ತದಂತೆ. ನಾನು ಮರಿ ಅಂತ ದುಡ್ಡು ಕೊಟ್ಟು ತಂದದ್ದು ಬೆಳವಣಿಗೆ ನಿಂತುಹೋದ ದೊಡ್ಡ ಮೀನುಗಳನ್ನು.

ಅವತ್ತು ಅವರ ಮನೆಯಲ್ಲಿ ಒಂದು ಜೋಡಿ ಮರಿ ಮಾಡಿತ್ತು. ಬೋರಲು ಹಾಕಿದ ಮಣ್ಣಿನ ಕುಂಡ, ಅದರ ಪಕ್ಕ ಅಂಗೈ ಅಗಲದ ಎರಡು ಮೀನು. ಅಮ್ಮನ ಮೈಗೆ ರಾಗಿ ಕಾಳು ಮೆತ್ತಿಕೊಂಡ ಹಾಗೆ ಮರಿಗಳು. ಮೈಮೇಲಿನ ಲೋಳೆಯೇ ಅವಕ್ಕೆ ಹಾಲು. ಈಜಲು ಶುರು ಮಾಡಿದ ಮೊದಲ ದಿನಗಳಲ್ಲಿ ಅದೇ ಊಟ. ನಾವು ನೋಡುತ್ತಿದ್ದ ಹಾಗೇ ಅಮ್ಮನಿಗೆ ಸಾಕಾಯಿತೇನೋ, ಒಮ್ಮೆ ಮೈ ಒದರಿ ಪಕ್ಕಕ್ಕೆ ಸರಿಯಿತು. ಮರಿಗಳೆಲ್ಲ ಒಂದು ಕ್ಷಣ ಗಲಿಬಿಲಿಗೊಂಡು, ಆಮೇಲೆ ಗುಂಪಾಗಿ ಹೋಗಿ ಅಪ್ಪನ ಮೈಗೆ ಅಂಟಿಕೊಂಡವು. "ಶಿಫ್ಟ್ ಚೇಂಜ್" ಅಂದರು ಅಂಕಲ್.

ಮೀನು ಕೊಡುವ ಮುಂಚೆ ಮುಕ್ಕಾಲು ಗಂಟೆ ನನ್ನ ಮನೆಯ ನೀರಿನ ವಿಚಾರಣೆ. ನಮ್ಮ ಬಿಲ್ಡಿಂಗಿಗೆ ದಿನ ಬಿಟ್ಟು ದಿನ ಕಾವೇರಿ, ಮಿಕ್ಕ ದಿನ ಬೋರ್. ನೀರಿನಲ್ಲಿ ಕರಗಿದ ಲವಣ ಅಳೆಯುವ ನನ್ನ ಟಿಡಿಎಸ್ ಮೀಟರಿನಲ್ಲಿ ಕಾವೇರಿ 210ರ ಆಸುಪಾಸು, ಬೋರ್ 780. ಡಿಸ್ಕಸ್‌ನ ತವರು ಅಮೆಜಾನ್ ನದಿ ಸೀಮೆ. ಅಲ್ಲಿಯ ನೀರು ಬೆಚ್ಚಗೆ, ಬಹಳ ಮೆದು (ಅಂದರೆ ಲವಣ ಕಡಿಮೆ), ಸ್ವಲ್ಪ ಹುಳಿ. ಹಾಗಂತ ಪಿಹೆಚ್ ಇಳಿಸುವ, ಅಂದರೆ ನೀರಿನ ಹುಳಿ ಹೆಚ್ಚಿಸುವ, ಬಾಟಲಿ ತರಲಾ ಅಂತ ಕೇಳಿದೆ. ಬೇಡವೇ ಬೇಡ ಅಂದರು. ಅವರ ಮರಿಗಳು ಹುಟ್ಟಿದ್ದೇ ಬೆಂಗಳೂರಿನ ಕಾವೇರಿ ನೀರಿನಲ್ಲಿ. ಇವತ್ತೊಂದು ತರಹ, ನಾಳೆ ಇನ್ನೊಂದು ತರಹದ ನೀರು ಕೊಟ್ಟರೇ ಕಷ್ಟ. ಅದಕ್ಕೆ ಕಾವೇರಿ ಬಂದ ದಿನ ಎರಡು ಡ್ರಮ್ ತುಂಬಿಸಿ, ಒಂದು ದಿನ ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ ಕ್ಲೋರಿನ್ ಹೋಗಿಸಿ, ಟ್ಯಾಂಕಿನಷ್ಟೇ ಬಿಸಿ ಮಾಡಿ ಬದಲಿಸಬೇಕು. ನನ್ನದು ಮೂರಡಿ ಟ್ಯಾಂಕು, ಸುಮಾರು 190 ಲೀಟರ್. ದಿನಾ 50 ಲೀಟರ್ ತೆಗೆದು ಹಾಕುತ್ತೇನೆ. ಮನೆ ಓನರ್ ಎರಡು ಸಲ ಮೇಲೆ ಬಂದು ನೋಡಿಕೊಂಡು ಹೋದರು. ತೆಗೆದ ನೀರನ್ನು ಅವರ ದಾಸವಾಳಕ್ಕೆ ಹಾಕಲು ಶುರು ಮಾಡಿದ ಮೇಲೆ ಬಂದಿಲ್ಲ.

ಕಲ್ಲು, ಗಿಡ ಏನೂ ಬೇಡ, ಬರೀ ಗಾಜು ಮತ್ತು ಸ್ಪಾಂಜ್ ಫಿಲ್ಟರ್ ಸಾಕು ಅಂದದ್ದಕ್ಕೆ ನನ್ನ ಮಗನಿಗೆ ಬೇಜಾರು. ಆದರೆ ಉಳಿದ ಊಟ, ಕಕ್ಕ ಎಲ್ಲ ಕಣ್ಣಿಗೆ ಕಾಣುತ್ತದೆ, ಪೈಪಿನಲ್ಲಿ ಎಳೆದು ಹಾಕಬಹುದು. ನೀರು ಯಾವಾಗಲೂ 29 ಡಿಗ್ರಿ. ಡಿಸೆಂಬರ್‌ನಲ್ಲಿ ಹೀಟರ್ ಉರಿದು ಉರಿದು ಗೃಹಜ್ಯೋತಿ ಲೆಕ್ಕ ಮೀರಿತು, ಬಹಳ ತಿಂಗಳ ಮೇಲೆ ಕರೆಂಟ್ ಬಿಲ್ ಕಟ್ಟಿದೆವು. ಇನ್ನೊಂದು ತಕರಾರು ಫ್ರೀಜರಿನದು. ಅತ್ತೆ ಹಿದುಕಿದ ಅವರೆಬೇಳೆ ಕಟ್ಟಿಟ್ಟ ಜಾಗದಲ್ಲಿ ನನ್ನ ಬ್ಲಡ್‌ವರ್ಮ್ ಪ್ಯಾಕೆಟ್. ಅದು ಹುಳ ಅಂತ ಅವರಿಗೆ ಇನ್ನೂ ಹೇಳಿಲ್ಲ. ಕೆಂಪಗಿದೆಯಲ್ಲ ಏನದು ಅಂದಾಗ ಮೀನಿನ ಊಟ ಅಂದೆ, ಅದೇನು ಸುಳ್ಳಲ್ಲ.

ಈಗ ಆರನೆಯದು. ತಂದು ಹತ್ತು ದಿನಕ್ಕೆ ಒಂದು ಮರಿ ಕಪ್ಪಾಗಿ ಮೂಲೆ ಸೇರಿತು. ಊಟ ಬಾಯಿಗೆ ತೆಗೆದುಕೊಂಡು ಉಗುಳುತ್ತಿತ್ತು, ಹಿಂದೆ ಬಿಳಿ ದಾರದ ಹಾಗೆ ಕಕ್ಕ. ಹೊಟ್ಟೆಯ ಕಾಯಿಲೆ ಅಂತ ನನಗೂ ಗೊತ್ತಾಯಿತು, ಆದರೆ ಯಾವ ಔಷಧ, ಎಷ್ಟು? ಅಂಕಲ್ ನಾಲ್ಕು ದಿನ ಫೋನ್ ಎತ್ತಲಿಲ್ಲ. ಐದನೇ ದಿನ ಎತ್ತಿ, ತಕ್ಷಣ ಬೇರೆ ಟಬ್ಬಿಗೆ ಹಾಕು ಅಂತ ಎಲ್ಲ ಹೇಳಿಕೊಟ್ಟರು. ಅಷ್ಟರಲ್ಲಿ ತಡವಾಗಿತ್ತು. ಮಾರಿದ ಮೇಲೆ ಫೋನ್ ಎತ್ತಬೇಕು ಅಲ್ವಾ? ಇನ್ನೊಂದು ಕೊಡ್ತೀನಿ ಅಂದರು, ಇನ್ನೂ ಕೊಟ್ಟಿಲ್ಲ. ಕೇಳಿದಾಗಲೆಲ್ಲ "ಈ ಬ್ಯಾಚ್ ನಿನಗೆ ಬೇಡಮ್ಮ, ಕಣ್ಣು ಸರಿಯಿಲ್ಲ" ಅನ್ನುತ್ತಾರೆ. ಸಬೂಬಾ ನಿಜಾನಾ, ನನಗೆ ಇನ್ನೂ ಗೊತ್ತಾಗಿಲ್ಲ.

ಮಿಕ್ಕ ಐದು ಮಾತ್ರ ನೋಡುವ ಹಾಗಿವೆ. ಎರಡೂವರೆ ಇಂಚಿದ್ದವು ಐದು ಇಂಚು ದಾಟಿವೆ. ನಾನು ಸೋಫಾ ಬಿಟ್ಟೆದ್ದರೆ ಸಾಕು, ಐದೂ ಗಾಜಿಗೆ ಮೂತಿ ಹಚ್ಚಿ ನಿಲ್ಲುತ್ತವೆ.

ಹೋಗುವುದಾದರೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಮೀನಿಗೆ ಊಟ ಹಾಕುವ ಹೊತ್ತು. ಯಾವುದು ನುಗ್ಗಿ ತಿನ್ನುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಅಂತ ನಿಮಗೇ ಕಾಣುತ್ತದೆ. ಥರ್ಮಾಕೋಲ್ ಡಬ್ಬಿ ನೀವೇ ಒಯ್ಯಿರಿ, ಅವರು ಬರೀ ಕವರಿನಲ್ಲಿ ಕಟ್ಟಿಕೊಡುತ್ತಾರೆ. ಕ್ಯಾಶ್ ಮಾತ್ರ. ನನ್ನ ಕಡೆಯಿಂದ ನಾಲ್ಕು ಸ್ಟಾರ್. ಐದನೇ ಸ್ಟಾರ್ ಆರನೇ ಮೀನು ಬಂದ ಮೇಲೆ.