ಹಳೆ ವಿಂಡೋಸ್ 7 ಬೇಕು, ಹೊಸ 11 ಕೂಡ ಬೇಕು: ಯಾವ ದಾರಿ?

ತುಮಕೂರಿನಲ್ಲಿ ಲಗ್ನಪತ್ರಿಕೆ ಡಿಟಿಪಿ ಮಾಡುವವರ ಹಳೆ ಪೇಜ್‌ಮೇಕರ್ ಫೈಲುಗಳಿಗೆ ವಿಂಡೋಸ್ 7 ಇದ್ದರೆ ನೆಮ್ಮದಿ. ಹೊಸ ಕೆಲಸಕ್ಕೆ 11.

ಡ್ಯುಯಲ್ ಬೂಟ್ (ಒಂದೇ ಮೆಷೀನಿನಲ್ಲಿ ಎರಡೂ ವಿಂಡೋಸ್ ಹಾಕಿ, ಆನ್ ಮಾಡುವಾಗ ಒಂದನ್ನು ಆರಿಸುವುದು) ಮಾಡಿದರೆ 7ಕ್ಕೆ ಮೆಷೀನಿನ ಪೂರ್ತಿ ಶಕ್ತಿ ಸಿಗುತ್ತದೆ. ಆದರೆ ಹೊಸ ಮೆಷೀನುಗಳಿಗೆ 7ರ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಸಿಗುವುದೇ ಕಷ್ಟ. ಇನ್‌ಸ್ಟಾಲ್ ಮಾಡುವಾಗ ಯುಎಸ್‌ಬಿ ಮೌಸ್ ಕೂಡ ಅಲ್ಲಾಡದೆ ಇರಬಹುದು! ಗಿರಾಕಿ ಎದುರಿಗೆ ನಿಂತಿರುವಾಗ ಸುಮ್ನೆ ರೀಸ್ಟಾರ್ಟ್ ಮಾಡುತ್ತಾ ಕೂರುವುದು ಬೇರೆ.

ಇನ್ನೊಂದು ದಾರಿ ವರ್ಚುವಲ್‌ಬಾಕ್ಸ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್. ಇದು ಉಚಿತ. 11ರ ಒಳಗೇ ಒಂದು ಕಿಟಕಿಯಲ್ಲಿ 7 ಓಡುತ್ತದೆ. ರ‍್ಯಾಮ್ ಮಾತ್ರ ಜಾಸ್ತಿ ಬೇಕು. 16 ಜಿಬಿ ಇದ್ದರೆ ಆರಾಮ. ನಾನಾದರೆ ಇದನ್ನೇ ಆರಿಸುತ್ತೇನೆ.

ಕಂಪ್ಯೂಟರಿನೊಳಗೆ ಹಳೆ ಹಾರ್ಡ್‌ವೇರ್ ಕಾರ್ಡ್ ಹಾಕಿ ಓಡಿಸುವ ಯಂತ್ರ ಇದ್ದರೆ ಡ್ಯುಯಲ್ ಬೂಟೇ ಗತಿ. ಯಾವುದಾದರೂ ಸರಿ, 7ಕ್ಕೆ ಇಂಟರ್ನೆಟ್ ಕೊಡಬೇಡಿ. ಅದರ ಸಾಮಾನ್ಯ ಸಪೋರ್ಟ್ (ಉಚಿತ ಸುರಕ್ಷತಾ ಅಪ್‌ಡೇಟ್) 2020ರ ಜನವರಿ 14ಕ್ಕೇ ಮುಗಿದಿದೆ.