ದಿನಕ್ಕೊಂದು ಲೋಡಾ, ವಾರಕ್ಕೊಮ್ಮೆ ಒಟ್ಟಿಗೇನಾ? ಮೂರು ಪದ್ಧತಿಗಳ ಹೋಲಿಕೆ

ವಾಷಿಂಗ್ ಮಷಿನ್ ಇದ್ದರೂ ಬಟ್ಟೆಯ ಕೆಲಸ ಮುಗಿಯುವುದಿಲ್ಲ. ಒಗೆಯುವುದನ್ನು ಮಷಿನ್ ನೋಡಿಕೊಳ್ಳುತ್ತದೆ, ನಿಜ. ಆದರೆ ಕೋಣೆ ಕೋಣೆಯಿಂದ ಬಟ್ಟೆ ಒಟ್ಟುಮಾಡುವುದು, ಬಣ್ಣ ನೋಡಿ ಬೇರೆ ಮಾಡುವುದು, ಹರವುವುದು, ಒಣಗಿದ್ದನ್ನು ತೆಗೆಯುವುದು, ಮಡಚುವುದು, ಅವರವರ ಕಪಾಟಿಗೆ ಸೇರಿಸುವುದು, ಇವೆಲ್ಲ ನಮ್ಮ ಕೈಯಿಂದಲೇ ಆಗಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದಕ್ಕೊಂದು ಪದ್ಧತಿ ಇಲ್ಲದಿದ್ದರೆ ಒಗೆದ ಬಟ್ಟೆ, ಒಗೆಯದ ಬಟ್ಟೆ ಎರಡೂ ಒಂದೇ ಕುರ್ಚಿಯ ಮೇಲೆ ಗುಡ್ಡೆ ಬೀಳುತ್ತವೆ.

ನಮ್ಮದು ಐದು ಜನರ ಮನೆ. ಇಬ್ಬರು ಉದ್ಯೋಗಸ್ಥರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಒಬ್ಬರು ಹಿರಿಯರು. ಫ್ರಂಟ್ ಲೋಡ್ ಮಷಿನ್ ಇದೆ, ಡ್ರೈಯರ್ ಇಲ್ಲ. ಒಣಗಿಸಲು ಬಾಲ್ಕನಿಯ ಹಗ್ಗ ಮತ್ತು ಒಂದು ಮಡಚುವ ಸ್ಟ್ಯಾಂಡ್. ಇದೇ ಮಷಿನ್, ಇದೇ ಹಗ್ಗ ಇಟ್ಟುಕೊಂಡು ಮೂರು ಪದ್ಧತಿಗಳನ್ನು ಒಂದಾದ ಮೇಲೊಂದು ಮಾಡಿ ನೋಡಿದೆವು. ವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಒಗೆಯುವುದು, ದಿನಾ ಒಂದು ಲೋಡ್ ಹಾಕುವುದು, ಒಬ್ಬೊಬ್ಬರಿಗೆ ಒಂದೊಂದು ಬುಟ್ಟಿ ಮತ್ತು ಒಂದೊಂದು ದಿನ ಕೊಡುವುದು.

ಮೊದಲು ವಾರಕ್ಕೊಮ್ಮೆಯ ಪದ್ಧತಿ. ಇದರ ಆಕರ್ಷಣೆ ಸುಲಭವಾಗಿ ಅರ್ಥವಾಗುತ್ತದೆ. ಆರು ದಿನ ಬಟ್ಟೆಯ ಯೋಚನೆಯೇ ಬೇಡ. ಬಟ್ಟೆ ಸಾಕಷ್ಟು ಸೇರಿರುವುದರಿಂದ ಬಿಳಿಯದ್ದು ಒಂದು ಲೋಡ್, ಗಾಢ ಬಣ್ಣದ್ದು ಒಂದು ಲೋಡ್, ಟವೆಲ್ ಒಂದು ಲೋಡ್ ಅಂತ ಸರಿಯಾಗಿ ವಿಂಗಡಿಸಬಹುದು. ಮೂರರಲ್ಲಿ ಬಿಳಿ ಬಟ್ಟೆ ಅತಿ ಬೆಳ್ಳಗೆ ಉಳಿದದ್ದು ಈ ಪದ್ಧತಿಯಲ್ಲೇ. ಪ್ರತಿ ಲೋಡ್ ತುಂಬಿರುವುದರಿಂದ ನೀರು, ಕರೆಂಟು, ಪುಡಿ ಯಾವುದೂ ದಂಡವಾಗುವುದಿಲ್ಲ.

ತೊಂದರೆ ಶುರುವಾಗುವುದು ಎರಡನೇ ಲೋಡ್ ಮುಗಿದ ಮೇಲೆ. ಮಷಿನ್ ಒಂದೇ ದಿನದಲ್ಲಿ ಐದು ಲೋಡ್ ಬೇಕಾದರೂ ಒಗೆಯುತ್ತದೆ, ಹಗ್ಗ ಅಷ್ಟು ಬಟ್ಟೆ ಹಿಡಿಯುವುದಿಲ್ಲ. ಮೊದಲ ಲೋಡ್ ಒಣಗುವ ತನಕ ಮೂರನೆಯದು ಡ್ರಮ್ಮಿನಲ್ಲೇ ಒದ್ದೆಯಾಗಿ ಕಾಯುತ್ತದೆ. ಬಟ್ಟೆಗೆ ಮುಗ್ಗಲು ವಾಸನೆ ಹತ್ತುವುದೇ ಇಲ್ಲಿ. ಒಗೆದ ಬಟ್ಟೆಯ ಈ ವಾಸನೆಗೆ ಮೊರಾಕ್ಸೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಮುಖ್ಯ ಕಾರಣ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಬಟ್ಟೆಯಲ್ಲಿ ಉಳಿದ ಬೆವರು, ಜಿಡ್ಡು ತಿಂದು ಅದು ವಾಸನೆಯ ಆಮ್ಲ ಬಿಡುತ್ತದೆ. ಬಟ್ಟೆ ಒಣಗಿದರೂ ಅದು ಸುಲಭಕ್ಕೆ ಸಾಯುವುದಿಲ್ಲ. ಒಣಗಿದಾಗ ಸುಮ್ಮನಿರುವ ಟವೆಲ್ ಮತ್ತೆ ಮುಖ ಒರೆಸಿಕೊಂಡಾಗ ನಾರುವುದು ಇದಕ್ಕೇ.

ಇನ್ನೊಂದು ತೊಂದರೆ ಕಲೆಯದ್ದು. ಸೋಮವಾರ ಬಿದ್ದ ಎಣ್ಣೆ ಕಲೆ ಭಾನುವಾರದ ಹೊತ್ತಿಗೆ ನೂಲಿನೊಳಗೆ ಇಳಿದು ಕೂತಿರುತ್ತದೆ. ಹಸಿಯಾಗಿದ್ದಾಗ ತಣ್ಣೀರಿನಲ್ಲೇ ಹೋಗುವ ರಕ್ತದ ಕಲೆ ಒಣಗಿದ ಮೇಲೆ ಹಠ ಮಾಡುತ್ತದೆ. ಬಿಸಿನೀರು ಹಾಕಿದರಂತೂ ಅದರಲ್ಲಿರುವ ಪ್ರೋಟೀನ್ ಗಟ್ಟಿಯಾಗಿ ಬಟ್ಟೆಗೇ ಅಂಟಿಕೊಳ್ಳುತ್ತದೆ. ಜೊತೆಗೆ ಪ್ರತಿಯೊಬ್ಬರಿಗೂ ಒಂದು ವಾರಕ್ಕಾಗುವಷ್ಟು ಒಳಉಡುಪು, ಯೂನಿಫಾರ್ಮ್, ಸಾಕ್ಸ್ ಬೇಕು. ಆ ಒಂದು ದಿನ ಮಳೆ ಹಿಡಿದರೆ ಇಡೀ ವಾರದ ಲೆಕ್ಕ ತಪ್ಪುತ್ತದೆ. ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸಿದ್ದು ಸಂಜೆಯ ಮಡಚುವ ಕೆಲಸ. ರಜೆಯ ದಿನ ಮಕ್ಕಳ ಜೊತೆ ಕೂರಬೇಕಾದ ಹೊತ್ತು ಬಟ್ಟೆಯ ರಾಶಿಗೆ ಹೋಗುತ್ತಿತ್ತು. ಅದು ನನಗೆ ನಿಜವಾಗಿಯೂ ನೋವಿನ ವಿಷಯ.

ದಿನಾ ಒಂದು ಲೋಡ್ ಹಾಕುವ ಪದ್ಧತಿಯಲ್ಲಿ ಈ ತೊಂದರೆಗಳು ಬಹುಪಾಲು ಇಲ್ಲ. ರಾತ್ರಿ ಬಟ್ಟೆ ತುಂಬಿ, ನಾವು ಏಳುವ ಹೊತ್ತಿಗೆ ಮುಗಿಯುವಂತೆ ಟೈಮರ್ ಇಡುತ್ತಿದ್ದೆವು. ಇಲ್ಲಿ ಒಂದು ಸೂಕ್ಷ್ಮ ಇದೆ. ಟೈಮರ್ ಇಡಬೇಕಾದದ್ದು ಶುರುವಾಗುವ ಹೊತ್ತಿಗಲ್ಲ, ಮುಗಿಯುವ ಹೊತ್ತಿಗೆ. ನಡುರಾತ್ರಿ ಒಗೆದು ಮುಗಿದರೆ ಬೆಳಗಿನ ತನಕ ಒದ್ದೆ ಬಟ್ಟೆ ಮುಚ್ಚಿದ ಡ್ರಮ್ಮಿನಲ್ಲೇ ಬಿದ್ದಿರುತ್ತದೆ. ಎದ್ದ ತಕ್ಷಣ ಹರವಿದರೆ ಇಡೀ ಹಗಲು ಒಣಗಲು ಸಿಗುತ್ತದೆ. ಸಂಜೆ ಬಂದು ತೆಗೆದು ಮಡಚುವುದು ಟೀವಿ ವಾರ್ತೆ ಮುಗಿಯುವಷ್ಟರಲ್ಲಿ ಆಗುವ ಕೆಲಸ.

ಇದರ ಕೊರತೆ ಎರಡು. ಒಂದು, ದಿನದ ಬಟ್ಟೆಯಿಂದ ಡ್ರಮ್ ತುಂಬುವುದಿಲ್ಲ. ಈಗಿನ ಮಷಿನ್‌ಗಳು ತೂಕ ನೋಡಿ ನೀರು ಕಮ್ಮಿ ಮಾಡಿಕೊಳ್ಳುತ್ತವೆ ಅನ್ನುವುದು ಸರಿ. ಹಾಗಂತ ಅರ್ಧ ಲೋಡಿಗೆ ಅರ್ಧ ಖರ್ಚು ಆಗುವುದಿಲ್ಲ, ಅರ್ಧಕ್ಕಿಂತ ಜಾಸ್ತಿಯೇ ಆಗುತ್ತದೆ. ಎರಡು, ಆ ದಿನ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಹಾಕುವ ಅಭ್ಯಾಸ ಬೆಳೆಯುತ್ತದೆ. ಬಿಳಿ ಶರ್ಟು ನಿಧಾನಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದೇ ಸಲಕ್ಕೆ ಗೊತ್ತಾಗುವುದಿಲ್ಲ. ಹೊಸ ಶರ್ಟಿನ ಪಕ್ಕ ಇಟ್ಟಾಗ ಕಾಣುತ್ತದೆ.

ಮೂರನೆಯ ಪದ್ಧತಿಯ ಬಗ್ಗೆ ನನಗೆ ಮೊದಲು ಅಷ್ಟು ನಂಬಿಕೆ ಇರಲಿಲ್ಲ. ಒಬ್ಬೊಬ್ಬರಿಗೆ ಒಂದು ಬುಟ್ಟಿ, ಒಂದು ದಿನ. ಆ ದಿನ ಮಷಿನ್ನಿಗೆ ಹೋಗುವುದು ಆ ಬುಟ್ಟಿಯ ಬಟ್ಟೆ ಮಾತ್ರ. ಇದರ ಲಾಭ ತಿಳಿಯುವುದು ಮಡಚುವಾಗ. ಮಡಚುವ ಕೆಲಸದಲ್ಲಿ ಹೊತ್ತು ತಿನ್ನುವುದು ಮಡಚುವುದಲ್ಲ, ಇದು ಯಾರದ್ದು ಅಂತ ಹುಡುಕುವುದು. ಇಬ್ಬರು ಮಕ್ಕಳ ಸಾಕ್ಸ್ ಒಂದೇ ಬಣ್ಣ, ಒಂದು ಬೆರಳಿನಷ್ಟು ಅಳತೆ ವ್ಯತ್ಯಾಸ. ಅಂಗಾಲು ಸೇರಿಸಿ ಅಳೆದು ಜೋಡಿ ಮಾಡುತ್ತಾ ಕೂತರೆ ಎಷ್ಟು ಹೊತ್ತು ಹೋಯಿತು ಅಂತಲೇ ತಿಳಿಯುವುದಿಲ್ಲ. ಒಬ್ಬರದ್ದೇ ಲೋಡ್ ಆದರೆ ಆ ಹುಡುಕಾಟವೇ ಇಲ್ಲ. ಹಗ್ಗದಿಂದ ತೆಗೆದದ್ದು ನೇರ ಒಂದೇ ಕಪಾಟಿಗೆ ಹೋಗುತ್ತದೆ.

ಮಕ್ಕಳು ಕೈಜೋಡಿಸಿದ್ದೂ ಈ ಪದ್ಧತಿಯಲ್ಲೇ ಜಾಸ್ತಿ. ಎಲ್ಲರ ಬಟ್ಟೆ ಮಡಚು ಅಂದರೆ ಮುಖ ಸಿಂಡರಿಸುವ ಮಗು ತನ್ನ ಬಟ್ಟೆ ಅಂದರೆ ಕೂತು ಮಡಚುತ್ತದೆ. ಜೇಬು ನೋಡುವುದು, ಜಿಪ್ ಹಾಕುವುದು, ಟೀ ಶರ್ಟ್ ಒಳಹೊರಗು ಮಾಡುವುದು, ಇಷ್ಟನ್ನು ದೊಡ್ಡವಳು ತಾನಾಗಿಯೇ ಕಲಿತಳು. ಕಾಗದದ ಚೂರು ಬಟ್ಟೆಗೆಲ್ಲ ಮೆತ್ತಿಕೊಳ್ಳುವುದು ಆಗಿನಿಂದ ಕಮ್ಮಿಯಾಯಿತು.

ಆದರೆ ಈ ಪದ್ಧತಿಯನ್ನು ಶುದ್ಧವಾಗಿ ಪಾಲಿಸಿದರೆ ಬಣ್ಣದ ವಿಂಗಡಣೆ ಬಿಡಬೇಕಾಗುತ್ತದೆ. ಆಟದ ಬಟ್ಟೆ ತನ್ನ ದಿನ ಬರುವ ತನಕ ಬೆವರಿನಲ್ಲೇ ಕೊಳೆಯುತ್ತದೆ. ಪಾಲಿಯೆಸ್ಟರ್ ಬಟ್ಟೆ ನೀರು ಹೀರುವುದಿಲ್ಲ, ಮೈಯ ಜಿಡ್ಡನ್ನು ಮಾತ್ರ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಹತ್ತಿಗಿಂತ ಬೇಗ ನಾರುತ್ತದೆ. ಟವೆಲ್, ಬೆಡ್‌ಶೀಟ್, ಕೈ ಒರೆಸುವ ಬಟ್ಟೆ ಯಾರ ಬುಟ್ಟಿಗೂ ಸೇರದೆ ಉಳಿಯುತ್ತವೆ.

ಮೂರನ್ನೂ ನೋಡಿದ ಮೇಲೆ ನನ್ನ ತೀರ್ಪು ಹೀಗೆ. ದಿನಾ ಒಂದು ಲೋಡ್ ಹಾಕುವುದೇ ಬಿಡುವಿಲ್ಲದ ಮನೆಗೆ ಒಳ್ಳೆಯದು, ಆದರೆ ಆ ಲೋಡಿಗೊಂದು ಒಡೆಯ ಇರಬೇಕು. ನಮ್ಮಲ್ಲಿ ಈಗ ಮಕ್ಕಳಿಗೆ, ದೊಡ್ಡವರಿಗೆ ಬೇರೆ ಬೇರೆ ದಿನ ಇದೆ. ಎಲ್ಲರ ಬಿಳಿ ಬಟ್ಟೆಗೆ ಒಂದು ದಿನ, ಟವೆಲ್ ಮತ್ತು ಬೆಡ್‌ಶೀಟಿಗೆ ಒಂದು ದಿನ. ಇದರ ಮೇಲೆ ಒಂದೇ ಒಂದು ಕಟ್ಟಳೆ: ಹಗ್ಗ ಖಾಲಿ ಇಲ್ಲದಿದ್ದರೆ ಮಷಿನ್ ಹಾಕುವಂತಿಲ್ಲ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಬದಲಾವಣೆ ತಂದದ್ದು ಇದೇ. ಮಷಿನ್ ಎಷ್ಟು ಕೆಜಿಯದ್ದು ಅನ್ನುವುದಕ್ಕಿಂತ ಒಂದು ದಿನಕ್ಕೆ ಎಷ್ಟು ಬಟ್ಟೆ ಒಣಗಬಲ್ಲದು ಅನ್ನುವುದು ಮುಖ್ಯ. ಪದ್ಧತಿಯನ್ನು ಅದರ ಅಳತೆಗೆ ಹೊಲಿಯಬೇಕು.

ಒಣಗಿಸುವುದರ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಸ್ಪಿನ್, ಅಂದರೆ ನೀರು ಹಿಂಡಲು ಡ್ರಮ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು, 800ಕ್ಕೂ 1200ಕ್ಕೂ ಇರುವ ವ್ಯತ್ಯಾಸ ಕೈಯಲ್ಲೇ ತಿಳಿಯುತ್ತದೆ. 800ರಲ್ಲಿ ತಿರುಗಿದ ಜೀನ್ಸಿನ ಸೊಂಟಪಟ್ಟಿ ಹಿಂಡಿದರೆ ಬೆರಳಿಗೆ ನೀರು ತಾಗುತ್ತದೆ, 1200ರಲ್ಲಿ ಬರೀ ತಂಪು. ದಪ್ಪ ಹತ್ತಿ, ಟವೆಲ್, ಜೀನ್ಸಿಗೆ ಜಾಸ್ತಿ ವೇಗ ಇಡುತ್ತೇವೆ. ತೆಳು ಶರ್ಟಿಗೆ ಕಮ್ಮಿ, ಇಲ್ಲದಿದ್ದರೆ ಸುಕ್ಕು ಬೀಳುತ್ತದೆ.

ಹಗ್ಗ ಮತ್ತು ಹ್ಯಾಂಗರ್ ನಡುವೆ ನಾನು ಹ್ಯಾಂಗರ್ ಕಡೆ. ಶರ್ಟನ್ನು ಡ್ರಮ್ಮಿನಿಂದ ತೆಗೆದು ಭುಜ ಹಿಡಿದು ಎರಡು ಸಲ ಜೋರಾಗಿ ಕೊಡವಬೇಕು. ಕಾಲರ್ ಎಳೆದು ನೆಟ್ಟಗೆ ಮಾಡಿ, ಮೇಲಿನ ಗುಂಡಿ ಒಂದನ್ನು ಹಾಕಿ, ಮುಂದಿನ ಪಟ್ಟಿಯನ್ನು ಮೇಲಿಂದ ಕೆಳಗೆ ಬೆರಳಿನಲ್ಲಿ ಎಳೆದು ತೂಗುಹಾಕಬೇಕು. ಹೀಗೆ ಒಣಗಿದ ಶರ್ಟಿಗೆ ಇಸ್ತ್ರಿ ಅರ್ಧ ಆದಂತೆಯೇ. ಅದೇ ಹ್ಯಾಂಗರಿನಲ್ಲಿ ಕಪಾಟಿಗೆ ಹೋಗುವುದರಿಂದ ಮಡಚುವ ಕೆಲಸವೂ ಇಲ್ಲ. ಎರಡು ಹ್ಯಾಂಗರ್ ನಡುವೆ ಕೈ ತೂರುವಷ್ಟು ಜಾಗ ಬಿಡಬೇಕು, ಗಾಳಿ ಆಡಬೇಕಲ್ವಾ. ಜೀನ್ಸ್ ಮಾತ್ರ ಒಳಹೊರಗು ಮಾಡಿ ಸೊಂಟ ಬಿಡಿಸಿ ಕ್ಲಿಪ್ ಹಾಕಿದರೆ ಜೇಬು ಒಣಗುತ್ತದೆ, ಬಿಸಿಲಿಗೆ ಬಣ್ಣವೂ ಮಾಸುವುದಿಲ್ಲ. ಟವೆಲ್ ಒಣಗಿದೆಯೇ ಅಂತ ನಡುವೆ ಮುಟ್ಟಿ ನೋಡಿದರೆ ಪ್ರಯೋಜನವಿಲ್ಲ. ಅಂಚಿನ ದಪ್ಪ ಹೊಲಿಗೆ ಹಿಸುಕಿ ನೋಡಬೇಕು. ಮಳೆ ದಿನಗಳಲ್ಲಿ ಒಳಗೆ ಸ್ಟ್ಯಾಂಡ್ ಇಟ್ಟು ಫ್ಯಾನ್ ಹಾಕಿ ಒಂದು ಕಿಟಕಿ ತೆರೆದಿಡುತ್ತೇವೆ. ಕಿಟಕಿ ಮುಚ್ಚಿದರೆ ಬಟ್ಟೆಯ ತೇವ ಕೋಣೆಯಲ್ಲೇ ಸುತ್ತುತ್ತಿರುತ್ತದೆ.

ಕ್ವಿಕ್ ವಾಶಾ, ಉದ್ದದ ಪ್ರೋಗ್ರಾಮಾ ಅಂತ ಕೇಳುವವರು ಬಹಳ. ಜರ್ಮನಿಯ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಹೇಳಿದ ಒಂದು ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊಳೆ ಹೋಗಬೇಕಾದರೆ ನಾಲ್ಕು ಸೇರಬೇಕು: ಸೋಪು, ಬಿಸಿ, ಉಜ್ಜಾಟ, ಸಮಯ. ಒಂದನ್ನು ಕಮ್ಮಿ ಮಾಡಿದರೆ ಇನ್ನೊಂದನ್ನು ಜಾಸ್ತಿ ಮಾಡಬೇಕು. ಇಕೋ ಪ್ರೋಗ್ರಾಂ ಮೂರು ಗಂಟೆ ಓಡುವುದು ಅದಕ್ಕೇ. ಬಿಸಿ ಕಮ್ಮಿ ಮಾಡಿ ಆ ಪಾಲನ್ನು ಸಮಯದಿಂದ ತುಂಬಿಕೊಳ್ಳುತ್ತದೆ. ಬಿಸಿನೀರಿನ ವಾಶಿನಲ್ಲಿ ಕರೆಂಟಿನ ದೊಡ್ಡ ಪಾಲು ನೀರು ಕಾಯಿಸಲಿಕ್ಕೇ ಹೋಗುವುದರಿಂದ, ಹೊತ್ತು ಜಾಸ್ತಿ ಹಿಡಿದರೂ ಖರ್ಚು ಕಮ್ಮಿ. ರಾತ್ರಿ ಹಾಕಿ ಮಲಗುವ ಮನೆಗೆ ಉದ್ದದ ಪ್ರೋಗ್ರಾಂ ಹೇಳಿ ಮಾಡಿಸಿದ್ದು. ಕ್ವಿಕ್ ವಾಶ್ ಅನ್ನು ನಾನು ಒಂದು ಹೊತ್ತು ಉಟ್ಟ, ಕಲೆಯಿಲ್ಲದ ನಾಲ್ಕಾರು ಬಟ್ಟೆಗೆ ಮಾತ್ರ ಇಟ್ಟಿದ್ದೇನೆ. ತುಂಬಿದ ಡ್ರಮ್ಮಿಗೆ ಅದು ಸುಮ್ನೆ ನೀರಲ್ಲಿ ಅದ್ದಿ ತೆಗೆದ ಹಾಗೆ.

ಪುಡಿ ಮತ್ತು ಲಿಕ್ವಿಡ್ ಎರಡೂ ಇಟ್ಟುಕೊಂಡಿದ್ದೇವೆ. ಒಳ್ಳೆಯ ಪುಡಿಗಳಲ್ಲಿ ಬಟ್ಟೆ ಬೆಳ್ಳಗೆ ಮಾಡುವ ಆಕ್ಸಿಜನ್ ಬ್ಲೀಚ್ ಇರುತ್ತದೆ, ಲಿಕ್ವಿಡ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಬಿಳಿ ಬಟ್ಟೆಗೆ, ಟವೆಲಿಗೆ ಪುಡಿ. ಗಾಢ ಬಣ್ಣಕ್ಕೆ, ಜಿಡ್ಡಿನ ಬಟ್ಟೆಗೆ ಲಿಕ್ವಿಡ್, ತಣ್ಣೀರಿನಲ್ಲೂ ಬಿಳಿ ಪುಡಿ ಉಳಿಯುವ ಕಾಟವಿಲ್ಲ. ರೇಷ್ಮೆ, ಉಣ್ಣೆಗೆ ಎರಡೂ ಬೇಡ. ಅವು ಪ್ರೋಟೀನಿನ ನೂಲು, ಪ್ರೋಟೀನ್ ಕಲೆ ಕರಗಿಸುವ ಎಂಜೈಮ್ ಅವನ್ನೂ ತಿನ್ನುತ್ತದೆ. ಸೋಪು ಜಾಸ್ತಿ ಹಾಕಿದರೆ ಜಾಸ್ತಿ ಶುಭ್ರ ಅನ್ನುವುದೂ ನಿಜವಲ್ಲ. ನೊರೆ ಜಾಸ್ತಿಯಾದರೆ ಬಟ್ಟೆ ಬಟ್ಟೆಗೆ ಉಜ್ಜುವುದೇ ಕಮ್ಮಿಯಾಗುತ್ತದೆ. ಟವೆಲಿಗೆ ಸಾಫ್ಟನರ್ ಹಾಕುವುದನ್ನು ನಿಲ್ಲಿಸಿದ್ದೇವೆ. ಅದು ನೂಲಿನ ಮೇಲೆ ತೆಳು ಪದರ ಬಿಡುತ್ತದೆ, ಮೆತ್ತಗಿರುತ್ತದೆ ಆದರೆ ನೀರು ಹೀರುವುದಿಲ್ಲ. ಟವೆಲ್, ಬೆಡ್‌ಶೀಟ್ ದಿನ 60 ಡಿಗ್ರಿ ಇಡುತ್ತೇವೆ. ಧೂಳಿನ ಹುಳುಗಳು ಸಾಯಲು ಅಷ್ಟು ಬಿಸಿ ಬೇಕು, ಮನೆಯಲ್ಲಿ ಒಬ್ಬರಿಗೆ ಅಲರ್ಜಿ ಇದೆ. ಉಳಿದದ್ದಕ್ಕೆಲ್ಲ 30 ಅಥವಾ 40 ಸಾಕು.

ಹಗ್ಗಕ್ಕೆ ಧಾರಾಳ ಜಾಗ ಇರುವ ಮನೆಗೆ ಅಥವಾ ಡ್ರೈಯರ್ ಇರುವ ಮನೆಗೆ ವಾರಕ್ಕೆರಡು ಸಲ ಒಟ್ಟಿಗೆ ಒಗೆಯುವುದೂ ಚೆನ್ನಾಗಿ ನಡೆಯುತ್ತದೆ. ಇಬ್ಬರೇ ಇರುವ ಮನೆಗೆ ದಿನಾ ಮಷಿನ್ ಹಾಕುವುದು ದಂಡ. ಪುಟ್ಟ ಮಗು ಇರುವ ಮನೆಗೆ ದಿನದ ಲೋಡ್ ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಇಸ್ತ್ರಿಯ ವಿಷಯ ಮಾತ್ರ ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬೆಳಿಗ್ಗೆ ಉಡುವ ಮುಂಚೆ ಒಂದೊಂದೇ ಮಾಡುವುದೋ, ಒಟ್ಟಿಗೆ ಮಾಡಿಡುವುದೋ ಅಂತ ಎರಡು ಪಕ್ಷ ಇದೆ. ನಾನು ಒಟ್ಟಿಗೆ ಮಾಡುವ ಪಕ್ಷ. ಹತ್ತಿ ಬಟ್ಟೆಯನ್ನು ಸ್ವಲ್ಪ ಹಸಿ ಇರುವಾಗಲೇ ಹಗ್ಗದಿಂದ ತೆಗೆದು ಇಸ್ತ್ರಿ ಮಾಡಿದರೆ ಸುಕ್ಕು ಒಂದೇ ಎಳೆತಕ್ಕೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಅದೇ ಶರ್ಟಿಗೆ ನೀರು ಚಿಮುಕಿಸಿ ಮೂರು ಸಲ ತಿಕ್ಕಬೇಕು.