ಬದಲಾಪುರದಿಂದಾಚೆ ಮನೆ ಕೊಳ್ಳಲು ಹೊರಟವರಿಗೆ ಆರನೆಯ ಮಹಡಿಯವನ ಎಚ್ಚರಿಕೆ

ಮುಂಬಯಿ ಕಡೆಯ ಭಾಂಡುಪ್, ಮುಲುಂಡ್, ಡೊಂಬಿವಲಿಗಳಲ್ಲಿ ಬಾಡಿಗೆಗಿರುವ ನಮ್ಮವರಲ್ಲಿ ಹಲವರು ಈಗ ಬದಲಾಪುರ ದಾಟಿ ಕರ್ಜತ್‌ವರೆಗಿನ ಊರುಗಳಲ್ಲಿ ಮನೆ ನೋಡುತ್ತಿದ್ದಾರೆ. ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕುಳಿತರೆ ಈ ಮಾತು ಬಾರದೆ ಇರುವುದಿಲ್ಲ. ಅದೇ ದಾರಿಯಲ್ಲಿ ಅವರಿಗಿಂತ ಮೊದಲೇ ಹೋಗಿ, ಕೂಡಿಟ್ಟ ಹಣ ಸುರಿದು, ಮತ್ತೆ ಬಾಡಿಗೆ ಮನೆಗೇ ಮರಳಿದವನು ನಾನು. ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಬಿಲ್ಡರನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹೇಳುವುದಿಲ್ಲ. ಬದಲಾಪುರಕ್ಕೂ ಕರ್ಜತ್‌ಗೂ ನಡುವೆ ವಾಂಗಣಿ, ಶೇಲು, ನೇರಳ, ಭಿವಪುರಿ ರೋಡ್ ಎಂಬ ನಾಲ್ಕು ಸ್ಟೇಷನ್ನುಗಳಿವೆ. ಅವುಗಳಲ್ಲಿ ಒಂದು ಎಂದರೆ ಸಾಕು.

2021ರ ಫೆಬ್ರವರಿಯ ಒಂದು ಭಾನುವಾರ ನಾವು ಮೊದಲ ಸಲ ಅಲ್ಲಿಗೆ ಹೋದೆವು. ಭಾಂಡುಪಿನ ಒನ್ ರೂಮ್ ಕಿಚನ್‌ನಲ್ಲಿ ಹನ್ನೊಂದು ವರ್ಷ ಕಳೆದಿದ್ದ ನಮಗೆ ಎದುರಿಗೆ ಮಾಥೇರಾನಿನ ಬೆಟ್ಟಸಾಲು, ಗದ್ದೆಯ ಮೇಲಿಂದ ಬೀಸುವ ಗಾಳಿ, ಮಗನಿಗೊಂದು ಪ್ರತ್ಯೇಕ ಕೋಣೆ ಎಂಬಷ್ಟೇ ಕಾಣಿಸಿತು. ಭಾನುವಾರದ ಲೋಕಲ್‌ನಲ್ಲಿ ಹೋಗುವಾಗಲೂ ಬರುವಾಗಲೂ ಕೂರಲು ಜಾಗ ಸಿಕ್ಕಿತ್ತು. ಏಜೆಂಟರು ನಮ್ಮ ಊರ ಕಡೆಯವರು, ಹೆಂಡತಿಯ ಕಡೆಯಿಂದ ದೂರದ ಸಂಬಂಧವೂ ಇತ್ತು. ಕಾಗದಪತ್ರಗಳ ಬಗ್ಗೆ ನಾನು ಎರಡನೆಯ ಬಾರಿ ಕೇಳಿದಾಗ ಅವರು, "ಭಾವ, ನಿಮಗೆ ಮೋಸ ಮಾಡಿ ನಾನು ನಾಳೆ ಊರಲ್ಲಿ ಮುಖ ತೋರಿಸ್ಲಿಕ್ಕುಂಟಾ?" ಎಂದರು. ನಾನು ಮೂರನೆಯ ಬಾರಿ ಕೇಳಲಿಲ್ಲ. ಪರಊರಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದ ಕೂಡಲೇ ಅರ್ಧ ಎಚ್ಚರ ಕೈಬಿಡುವ ನಮ್ಮ ಅಭ್ಯಾಸವನ್ನು ಆ ಮನುಷ್ಯ ನಮಗಿಂತ ಚೆನ್ನಾಗಿ ಅರಿತಿದ್ದರು.

ಎಲ್ಲ ಸೇರಿ 31 ಲಕ್ಷಕ್ಕೆ ಆರನೆಯ ಮಹಡಿಯ ಒನ್ ಬಿಎಚ್‌ಕೆ ಗೊತ್ತಾಯಿತು. ಕರಪತ್ರದಲ್ಲಿ ಮಹಾರೇರಾ, ಅಂದರೆ ಕಟ್ಟಡ ಯೋಜನೆಗಳನ್ನು ನೋಂದಾಯಿಸಿಕೊಳ್ಳುವ ರಾಜ್ಯದ ನಿಯಂತ್ರಣ ಪ್ರಾಧಿಕಾರ, ಕೊಟ್ಟ ನೋಂದಣಿ ಸಂಖ್ಯೆ ಇತ್ತು. ನಾನು ಅದನ್ನು ಮೊಬೈಲಿನಲ್ಲಿ ಹಾಕಿ ನೋಡಿದಾಗ ಯೋಜನೆಯ ಹೆಸರು ಬಂದಿತು. ಅಷ್ಟಕ್ಕೇ ಸಮಾಧಾನಪಟ್ಟು ಮುಚ್ಚಿಬಿಟ್ಟೆ. ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆ ಪುಟವನ್ನು ಕೆಳಗಿನವರೆಗೆ ಓದಿದ್ದರೆ ಮಂಜೂರಾದ ನಕ್ಷೆ, ಮಹಡಿಗಳ ಸಂಖ್ಯೆ, ಒಟ್ಟು ಫ್ಲ್ಯಾಟುಗಳ ಸಂಖ್ಯೆ, ಕಾಮಗಾರಿ ಆರಂಭಿಸಲು ಕೊಟ್ಟ ಪರವಾನಗಿಯ ಪ್ರತಿ, ಮುಗಿಸಬೇಕಾದ ದಿನಾಂಕ, ಆ ದಿನಾಂಕವನ್ನು ಮುಂದಕ್ಕೆ ಹಾಕಿಸಿಕೊಂಡ ವಿವರ ಎಲ್ಲವೂ ಸಿಗುತ್ತಿದ್ದವು. ನಮ್ಮ ಕಟ್ಟಡಕ್ಕೆ ಅಲ್ಲಿ ನಮೂದಾಗಿದ್ದದ್ದು ಸ್ಟಿಲ್ಟ್ (ಕಂಬಗಳ ಮೇಲೆ ನಿಂತ, ವಾಹನ ನಿಲ್ಲಿಸುವ ನೆಲಮಟ್ಟ) ಮತ್ತು ಅದರ ಮೇಲೆ ನಾಲ್ಕು ಮಹಡಿ. ಕರಪತ್ರದಲ್ಲಿದ್ದದ್ದು ಏಳು. ಅಂದರೆ ನಾನು ಕೊಂಡ ಮನೆ ಸರ್ಕಾರದ ಯಾವ ಕಾಗದದಲ್ಲೂ ಇರಲೇ ಇಲ್ಲ.

ಎಚ್ಚರಿಕೆಯ ಗಂಟೆ ಒಮ್ಮೆಯಲ್ಲ, ಎರಡು ಬಾರಿ ಬಾರಿಸಿತ್ತು. ಸಂಬಳದ ಖಾತೆಯಿದ್ದ ಬ್ಯಾಂಕಿಗೆ ಸಾಲಕ್ಕೆ ಅರ್ಜಿ ಹಾಕಿದಾಗ ಅವರ ವಕೀಲರು ಕಡತ ನೋಡಿ ನಿರಾಕರಿಸಿದರು. ಕಾರಣವನ್ನು ಬರೆದುಕೊಡಿ ಎಂದು ನಾನು ಕೇಳಲಿಲ್ಲ, ಏಕೆಂದರೆ ಏಜೆಂಟರು ಅಷ್ಟರಲ್ಲಿ "ಆ ಬ್ಯಾಂಕಿನವರು ಯಾವಾಗಲೂ ಹೀಗೇ" ಎಂದು ಹೇಳಿ, ಶೇಕಡಾ ಎರಡರಷ್ಟು ಹೆಚ್ಚು ಬಡ್ಡಿಗೆ ಕೊಡುವ ಒಂದು ಫೈನಾನ್ಸ್ ಕಂಪನಿಯನ್ನು ತಾವೇ ಕರೆತಂದಿದ್ದರು. ಎರಡನೆಯದು, ಕಟ್ಟಡದ ಪರವಾನಗಿ ಎಂದು ಏಜೆಂಟರು ತೋರಿಸಿದ ಗ್ರಾಮಪಂಚಾಯತಿಯ 'ನಾ ಹರಕತ್' ದಾಖಲೆ. ತಕರಾರಿಲ್ಲ ಎಂದು ಹೇಳುವ ಆ ಪತ್ರ ಏಳು ಮಹಡಿ ಏರಿಸಲು ಕೊಡುವ ಪರವಾನಗಿಯಲ್ಲ. ದುಂಡು ಮೊಹರು, ಸಹಿ, ಮರಾಠಿಯಲ್ಲಿ ಒತ್ತೊತ್ತಾಗಿ ಬರೆದ ಎರಡು ಪುಟ ನೋಡಿ ನಾನು ತಲೆಯಾಡಿಸಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕರಾರುಪತ್ರ ನೋಂದಣಿಯಾದ ದಿನ ಹೆಂಡತಿ ಪೇಡೆ ಹಂಚಿದಳು. ನೋಂದಣಿ ಎಂದರೆ ಆ ಕಾಗದ ನೋಂದಣಿಯಾಯಿತು ಎಂದಷ್ಟೇ ಅರ್ಥ, ಕಟ್ಟಡ ಸಕ್ರಮ ಎಂದಲ್ಲ ಎಂಬುದು ನನಗೆ ತಿಳಿದದ್ದು ಮೂರು ವರ್ಷಗಳ ನಂತರ.

ಹಣದ ಬಗ್ಗೆ ಇನ್ನೊಂದು ಮಾತನ್ನು ನಾಚಿಕೆಯಿಂದಲೇ ಬರೆಯುತ್ತೇನೆ. ಕರಾರುಪತ್ರ ನೋಂದಣಿಯಾಗುವ ಮುಂಚೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ಪಡೆಯುವಂತಿಲ್ಲ ಎಂದು 2016ರ ರೇರಾ ಕಾಯಿದೆಯ 13ನೆಯ ಕಲಂ ಹೇಳುತ್ತದೆ. ನಾನು ಅದನ್ನು ಮೀರಿ ಕೊಟ್ಟೆ, ಅದರಲ್ಲಿ 3 ಲಕ್ಷ ನಗದು. ಮುದ್ರಾಂಕ ಶುಲ್ಕ ಉಳಿಯುತ್ತದೆ ಎಂಬ ಆಸೆ ನನ್ನದೇ. ರಸೀದಿಯಿಲ್ಲದ ಆ 3 ಲಕ್ಷವನ್ನು ದೂರಿನಲ್ಲಿ ಬರೆಯಲೂ ಆಗಲಿಲ್ಲ.

2022ರ ಡಿಸೆಂಬರಿಗೆ ಕೊಡುತ್ತೇವೆ ಎಂದಿದ್ದ ಮನೆಯ ಬೀಗದ ಕೈ 2023ರ ಜೂನಿನಲ್ಲಿ ಸಿಕ್ಕಿತು, ಅದೂ 'ಫಿಟ್‌ಔಟ್ ಪೊಸೆಷನ್' ಎಂಬ ಹೆಸರಿನಲ್ಲಿ. ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಎಲ್ಲರೂ ಓಸಿ ಎನ್ನುವ ಕಾಗದ, ಬರುವ ಮುಂಚೆಯೇ ಒಳಗಿನ ಕೆಲಸ ಮಾಡಿಸಿಕೊಳ್ಳಿ ಎಂದು ಬೀಗದ ಕೈ ಕೊಟ್ಟು ಜನರನ್ನು ಒಳಗೆ ಕೂರಿಸಿಬಿಡುವ ಉಪಾಯ ಇದು. ಮಹಾರಾಷ್ಟ್ರದಲ್ಲಿ 1963ರಿಂದಲೂ ಇರುವ ಮೋಫಾ ಎಂಬ ಫ್ಲ್ಯಾಟು ಮಾಲೀಕತ್ವದ ಕಾಯಿದೆಯ ಪ್ರಕಾರ ಆ ಪ್ರಮಾಣಪತ್ರವಿಲ್ಲದೆ ಬಿಲ್ಡರ್ ಸ್ವಾಧೀನ ಕೊಡುವಂತಿಲ್ಲ, ಕೊಳ್ಳುವವನು ಪಡೆಯುವಂತೆಯೂ ಇಲ್ಲ. ಬಾಡಿಗೆ ಮತ್ತು ಕಂತು ಎರಡನ್ನೂ ಕಟ್ಟಿ ಸುಸ್ತಾಗಿದ್ದ ನಾವು ಸಾಮಾನು ಸಾಗಿಸಿಯೇಬಿಟ್ಟೆವು.

ಆ ಮೇಲೆ ಊರು ತನ್ನ ವಾರದ ದಿನಗಳನ್ನು ತೋರಿಸತೊಡಗಿತು. ಕಲ್ಯಾಣದಿಂದ ಹೊರಡುವ ಲೋಕಲ್‌ಗಳಾಗಲಿ ಬದಲಾಪುರದಲ್ಲಿ ಮುಗಿಯುವ ಲೋಕಲ್‌ಗಳಾಗಲಿ ನಮ್ಮ ಉಪಯೋಗಕ್ಕೆ ಬರುವುದಿಲ್ಲ. ಕರ್ಜತ್ ಮತ್ತು ಖೋಪೋಲಿಯವು ಮಾತ್ರ ನಮ್ಮವು, ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು. ಅಲ್ಲಿರುವುದು ಎರಡೇ ಹಳಿ, ಪುಣೆಯಿಂದ ಬರುವ ಡೆಕ್ಕನ್ ಕ್ವೀನ್, ಸಿಂಹಗಡದಂಥ ಗಾಡಿಗಳೂ ಅದರ ಮೇಲೆಯೇ ಓಡಬೇಕಾದ್ದರಿಂದ ಬೆಳಗಿನ ಹೊತ್ತು ಲೋಕಲ್ ಸಿಗ್ನಲ್ಲಿನಲ್ಲಿ ನಿಲ್ಲುವುದು ಸಾಮಾನ್ಯ. ದಕ್ಷಿಣ ಮುಂಬಯಿಯ ಫೋರ್ಟಿನ ಕಚೇರಿಗೆ ಒಂಬತ್ತೂವರೆಗೆ ಮುಟ್ಟಬೇಕಾದ ನಾನು ಆರೂಕಾಲಿಗೆ ಮನೆ ಬಿಡುತ್ತಿದ್ದೆ. ಮಗ ಎಚ್ಚರವಿರುವಾಗ ಅವನ ಮುಖ ಕಾಣುತ್ತಿದ್ದುದು ಶನಿವಾರ ರಾತ್ರಿ.

ಮೊದಲ ಮಳೆಗಾಲದಲ್ಲಿ ಉಲ್ಹಾಸ ನದಿ ಏರಿದಾಗ ನಮ್ಮ ಕಟ್ಟಡಕ್ಕೆ ನೀರು ಬರಲಿಲ್ಲ, ಸ್ಟೇಷನ್ನಿಗೆ ಹೋಗುವ ರಸ್ತೆ ಮುಳುಗಿತು. 2019ರ ಜುಲೈ 27ರಂದು ಬದಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೆರೆಯಲ್ಲಿ ಸಿಲುಕಿ, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತಂದದ್ದನ್ನು ಟಿವಿಯಲ್ಲಿ ನೋಡಿದ್ದ ನಾನೇ ಎರಡು ವರ್ಷ ಕಳೆಯುವಷ್ಟರಲ್ಲಿ ಅದನ್ನು ಮರೆತು ಅದೇ ನದಿಯ ಬಯಲಿನಲ್ಲಿ ಮನೆ ಹುಡುಕಿದ್ದೆ. ಜಲಸಂಪನ್ಮೂಲ ಇಲಾಖೆ ನದಿಗಳಿಗೆ ನೀಲಿ ರೇಖೆ ಮತ್ತು ಕೆಂಪು ರೇಖೆ ಎಂದು ಎರಡನ್ನು ಗುರುತಿಸುತ್ತದೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ ನೀಲಿಯದು, 100 ವರ್ಷಕ್ಕೊಮ್ಮೆ ಬರಬಹುದಾದದ್ದು ಕೆಂಪಿನದು. ಮನೆ ನೋಡುವವರು ತಮ್ಮ ಕಟ್ಟಡ ಈ ರೇಖೆಗಳ ಹೊರಗಿದೆಯೇ ಎಂಬುದರ ಜೊತೆಗೆ ಹಾಲಿನ ಅಂಗಡಿಗೆ, ಶಾಲೆಗೆ, ಸ್ಟೇಷನ್ನಿಗೆ ಹೋಗುವ ದಾರಿಯೂ ಹೊರಗಿದೆಯೇ ಎಂದು ನೋಡಬೇಕು.

ಇವೆಲ್ಲವನ್ನೂ ಸಹಿಸಿಕೊಳ್ಳುತ್ತಿದ್ದೆವೇನೋ. ನೀರು ನಮ್ಮನ್ನು ಓಡಿಸಿತು. ಬೋರ್‌ವೆಲ್ ಮಾರ್ಚಿನಲ್ಲಿ ಬತ್ತಿತು, ಟ್ಯಾಂಕರಿನ ಖರ್ಚು ಪ್ರತಿ ಮನೆಗೆ ತಿಂಗಳಿಗೆ ಸಾವಿರ ರೂಪಾಯಿ ದಾಟಿತು. 2024ರ ಮೇ ತಿಂಗಳಿನಲ್ಲಿ ನಾವು ಹತ್ತು ಜನ ಸೇರಿ ನಳದ ಜೋಡಣೆ ಕೇಳಲು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಕಡತ ತೆಗೆದು, ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನೀವು ಯಾವ ಮಹಡಿಯವರು ಎಂದು ಒಬ್ಬೊಬ್ಬರನ್ನಾಗಿ ಕೇಳಿದರು. ನಾನು ಆರನೆಯದು ಎಂದಾಗ ಅವರು ಬೆರಳಿನಿಂದ ನಾಲ್ಕನೆಯ ಮಹಡಿಯ ಮೇಲಿನ ಗೆರೆಯನ್ನು ತೋರಿಸಿ, ಇದರ ಮೇಲೆ ಆಕಾಶ ಮಾತ್ರ ಇದೆ ಎಂದರು. ಅವರು ಗೇಲಿ ಮಾಡಲಿಲ್ಲ, ಕುಡಿಯಲು ನೀರು ತರಿಸಿಕೊಟ್ಟರು.

ನಮ್ಮಲ್ಲಿ ಕೆಲವರು ಘರ್‌ಪಟ್ಟಿಯ, ಅಂದರೆ ಮನೆ ತೆರಿಗೆಯ, ರಸೀದಿಯನ್ನು ಮುಂದಿಟ್ಟು, ತೆರಿಗೆ ಕಟ್ಟುತ್ತಿದ್ದೇವಲ್ಲ ಎಂದು ವಾದಿಸಿದರು. ತೆರಿಗೆ ಅಕ್ರಮ ಕಟ್ಟಡಕ್ಕೂ ಬೀಳುತ್ತದೆ, ಅದನ್ನು ಕಟ್ಟಿದ್ದರಿಂದ ಕಟ್ಟಡ ಸಕ್ರಮವಾಗುವುದಿಲ್ಲ. ಮೇಲಿನ ಮೂರು ಮಹಡಿಗಳಿಂದಾಗಿ ಕೆಳಗಿನ ನಾಲ್ಕಕ್ಕೂ ಓಸಿ ಸಿಗದೆ ಅಲ್ಲಿನವರು ಈಗ ನಮ್ಮೊಂದಿಗೆ ಮಾತು ಬಿಟ್ಟಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಆ ಆಗಸ್ಟಿನಲ್ಲಿ ಮನೆಗೆ ಬೀಗ ಹಾಕಿ ಡೊಂಬಿವಲಿಯಲ್ಲಿ ಬಾಡಿಗೆಗೆ ಬಂದೆವು. 5,000 ರೂಪಾಯಿ ಶುಲ್ಕ ಕಟ್ಟಿ ಮಹಾರೇರಾದಲ್ಲಿ ದೂರು ಹಾಕಿದ್ದೇನೆ. ಹಣ ವಾಪಸು ಮಾಡಬೇಕೆಂದು ಆದೇಶವಾದರೆ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲದ ಬಡ್ಡಿಗೆ ಬ್ಯಾಂಕು ಆಧಾರವಾಗಿ ಇಟ್ಟುಕೊಳ್ಳುವ) ದರಕ್ಕೆ ಶೇಕಡಾ 2 ಸೇರಿಸಿ ಬಡ್ಡಿ ಲೆಕ್ಕ ಹಾಕುತ್ತಾರೆ. ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿ ಕಚೇರಿಯ ಮೂಲಕ ವಸೂಲಿಯಾಗಬೇಕು, ಅದಕ್ಕೆ ಅವನ ಹೆಸರಿನಲ್ಲಿ ಆಸ್ತಿ ಏನಾದರೂ ಉಳಿದಿರಬೇಕು. ಡೊಂಬಿವಲಿಗೆ ಬಂದ ಮೂರು ತಿಂಗಳಿಗೇ, 2024ರ ನವೆಂಬರಿನಲ್ಲಿ, ಖೋಟಾ ಪರವಾನಗಿ ತೋರಿಸಿ ಮಹಾರೇರಾ ನೋಂದಣಿ ಪಡೆದಿದ್ದ ಕಲ್ಯಾಣ-ಡೊಂಬಿವಲಿಯ 65 ಅಕ್ರಮ ಕಟ್ಟಡಗಳನ್ನು ಕೆಡವುವಂತೆ ಮುಂಬಯಿ ಹೈಕೋರ್ಟು ಹೇಳಿತು. ಆದ್ದರಿಂದ ಮಹಾರೇರಾ ಪುಟದಲ್ಲಿರುವ ಪರವಾನಗಿಯ ಪ್ರತಿಯನ್ನು ಮುದ್ರಿಸಿಕೊಂಡು, ಅದನ್ನು ಕೊಟ್ಟ ಕಚೇರಿಗೇ ಹೋಗಿ, ಇದು ನಿಮ್ಮದೇ ಹೌದೇ, ಎಷ್ಟನೆಯ ಮಹಡಿಯವರೆಗೆ ಕೊಟ್ಟಿದ್ದೀರಿ ಎಂದು ಕೇಳಿರಿ. ಒಂದು ದಿನದ ರಜೆ ಹೋಗುತ್ತದೆ, ಹೋಗಲಿ. ಅದೇ ದಿನ ಬೆಳಗ್ಗೆ ಏಳಕ್ಕೆ ಆ ಸ್ಟೇಷನ್ನಿನಲ್ಲಿ ನಿಂತು ನಿಮ್ಮ ಲೋಕಲ್ ಹತ್ತಿ ನೋಡಿರಿ, ಸಾಧ್ಯವಾದರೆ ಜುಲೈಯಲ್ಲಿ.

ಕಳೆದ ತಿಂಗಳು ನನ್ನ ಸಹೋದ್ಯೋಗಿಯೊಬ್ಬರಿಗೆ ಅದೇ ಏಜೆಂಟರು ಪಕ್ಕದ ಊರಿನ ಹೊಸ ಯೋಜನೆಯ ಕರಪತ್ರ ಕಳಿಸಿದ್ದರು, ಭಾನುವಾರ ಕಾರು ಕಳಿಸುತ್ತೇನೆ ಎಂದೂ ಹೇಳಿದ್ದರು. ಇಬ್ಬರೂ ಕುಳಿತು ನೋಂದಣಿ ಸಂಖ್ಯೆಯ ಪುಟವನ್ನು ಕೊನೆಯವರೆಗೆ ಓದಿದೆವು. ಅದರಲ್ಲಿದ್ದದ್ದು ಸ್ಟಿಲ್ಟ್ ಮತ್ತು ಮೂರು ಮಹಡಿ. ಅವರಿಗೆ ತೋರಿಸಿದ್ದ ಫ್ಲ್ಯಾಟು ಐದನೆಯದರಲ್ಲಿತ್ತು.